ಬೆನ್ನಟ್ಟಬೇಡಿ, ಅಳಿವೆಯಲ್ಲಿ ಕಾಯಿರಿ

ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಕಡೆ ಡಾಲ್ಫಿನ್ ತೋರಿಸಲು ಹೊರಡುವ ಅನುಭವಿ ತಾಂಡೇಲರು, ಅಂದರೆ ಬೋಟು ನಡೆಸುವವರು, ಮೊದಲು ಆಕಾಶ ನೋಡುತ್ತಾರೆ. ರೀವ (ಟರ್ನ್) ಹಕ್ಕಿಗಳು ಒಂದೇ ಜಾಗದ ಮೇಲೆ ಸುತ್ತು ಹಾಕುತ್ತ, ರೆಕ್ಕೆ ಮಡಚಿ ನೀರಿಗೆ ಧುಮುಕುತ್ತಿದ್ದರೆ ಕೆಳಗೆ ಮೀನಿನ ಹಿಂಡಿದೆ ಎಂದರ್ಥ. ಮೀನಿದ್ದಲ್ಲಿ ಡಾಲ್ಫಿನ್ ಬರುವ ಸಂಭವವೂ ಹೆಚ್ಚು. ಆಮೇಲೆ ಅವರು ನೋಡುವುದು ನೀರಿನ ಬಣ್ಣವನ್ನು. ನದಿಯ ಕಂದು ನೀರು ಕಡಲಿನ ಹಸಿರು ನೀರಿಗೆ ತಾಗುವಲ್ಲಿ ಒಂದು ಗೆರೆ ಏಳುತ್ತದೆ. ನೊರೆ, ತರಗೆಲೆ, ಕಡ್ಡಿಕಸ ಎಲ್ಲ ಆ ಗೆರೆಯ ಉದ್ದಕ್ಕೂ ಸಾಲುಗಟ್ಟಿರುತ್ತವೆ. ಬೋಟು ಅದರ ಹತ್ತಿರ ನಿಂತು ಎಂಜಿನ್ ಬಂದ್ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಕೆಲಸ ಪ್ರವಾಸಿಗರದು. ಸುಮ್ಮನೆ ಕೂತು ಕಾಯುವುದು.

ನಮ್ಮ ಕರಾವಳಿಯ ದೋಣಿ ವಿಹಾರ ಇಂದು ದೊಡ್ಡ ಉದ್ಯಮ. ಕಾರವಾರ, ಗೋಕರ್ಣ, ಹೊನ್ನಾವರ, ಮುರ್ಡೇಶ್ವರ, ಮಲ್ಪೆ ಎಲ್ಲ ಕಡೆಯೂ ಮಳೆಗಾಲ ಮುಗಿದು ಕಡಲು ಶಾಂತವಾಗುತ್ತಿದ್ದಂತೆ ಬೋಟುಗಳು ಸಾಲುಗಟ್ಟಿ ನಿಲ್ಲುತ್ತವೆ. ಹತ್ತಿದವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಒಂದು ಡಾಲ್ಫಿನ್ ಮತ್ತು ಅದರ ಒಂದು ವಿಡಿಯೊ. ಅದು ಸಿಕ್ಕರೆ ಖುಷಿ, ಸಿಗದಿದ್ದರೆ ದುಡ್ಡು ದಂಡ ಎಂಬ ಬೇಸರ. ಆದರೆ ಅದೇ ಒಂದು ಗಂಟೆಯಲ್ಲಿ ದೋಣಿಯ ಸುತ್ತ ಎಷ್ಟು ಜೀವಗಳು ಬಂದು ಹೋಗುತ್ತವೆ, ಅವು ಅಲ್ಲಿಗೇ ಏಕೆ ಬರುತ್ತವೆ ಎಂದು ತಿಳಿದು ಹೋದವರು ಬರಿಗೈಯಲ್ಲಿ ಮರಳುವುದು ಕಡಿಮೆ.

ಮೊದಲು ಅಳಿವೆಯ ವಿಚಾರ. ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ಸುಮಾರು 184 ಕಿ.ಮೀ. ಹರಿದು ಸದಾಶಿವಗಡದ ಬುಡದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಘಟ್ಟದ ಕಾಡಿನ ಕೊಳೆತ ಎಲೆ, ಮಣ್ಣು, ಲವಣಗಳನ್ನೆಲ್ಲ ಅದು ಹೊತ್ತು ತರುತ್ತದೆ. ದಿನಕ್ಕೆರಡು ಬಾರಿ ಭರತ ಬಂದಾಗ ಉಪ್ಪುನೀರು ನದಿಯೊಳಕ್ಕೆ ನುಗ್ಗುತ್ತದೆ, ಇಳಿತದಲ್ಲಿ ಸಿಹಿನೀರು ಮತ್ತೆ ಮುಂದಕ್ಕೆ ಬರುತ್ತದೆ. ಈ ಎಳೆದಾಟದಲ್ಲಿ ನದಿ ತಂದ ಸಾರ ತಳಕ್ಕೆ ಕೂರದೆ ನೀರಿನಲ್ಲೇ ತಿರುಗುತ್ತಿರುತ್ತದೆ. ಅದನ್ನು ಉಂಡು ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ, ಅವನ್ನು ತಿನ್ನಲು ಸಿಗಡಿ ಮರಿಗಳು, ಸಣ್ಣ ಮೀನುಗಳು ಬರುತ್ತವೆ, ಅವುಗಳ ಹಿಂದೆ ದೊಡ್ಡ ಮೀನು, ಹಕ್ಕಿ, ಡಾಲ್ಫಿನ್ ಮತ್ತು ಮನುಷ್ಯ. ಕರ್ನಾಟಕದ ಸುಮಾರು 320 ಕಿ.ಮೀ. ಉದ್ದದ ಕರಾವಳಿಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯಿಂದ ನೇತ್ರಾವತಿಯವರೆಗೆ ಒಂದರ ಪಕ್ಕ ಒಂದರಂತೆ ಇಂತಹ ಅಳಿವೆಗಳಿವೆ. ಮೀನುಗಾರರ ಹಳೆಯ ಊರುಗಳು ಹೆಚ್ಚಾಗಿ ಅಳಿವೆಗಳ ಆಸುಪಾಸಿನಲ್ಲೇ ಇರುವುದಕ್ಕೆ ಕಾರಣ ಇದೇ.

ಇಲ್ಲಿ ಕಾಣಸಿಗುವ ಡಾಲ್ಫಿನ್ ಮುಖ್ಯವಾಗಿ ಒಂದು ಬಗೆಯದು. ಹಿಂದೂ ಮಹಾಸಾಗರದ ಹಂಪ್‌ಬ್ಯಾಕ್ ಡಾಲ್ಫಿನ್, ಅಂದರೆ ಗೂನುಬೆನ್ನಿನ ಡಾಲ್ಫಿನ್. ದಕ್ಷಿಣ ಆಫ್ರಿಕಾದಿಂದ ಭಾರತದ ಪಶ್ಚಿಮ ಕರಾವಳಿಯವರೆಗೆ ದಂಡೆಗೆ ಅಂಟಿಕೊಂಡೇ ಬದುಕುವ ಇದನ್ನು ವಿಜ್ಞಾನಿಗಳು ಪ್ರತ್ಯೇಕ ಪ್ರಭೇದವೆಂದು ಗುರುತಿಸಿದ್ದು 2014ರಲ್ಲಿ. ವೈಜ್ಞಾನಿಕ ಹೆಸರು ಸೌಸಾ ಪ್ಲಂಬಿಯಾ. ಮೈಬಣ್ಣ ಸೀಸದಂಥ ಬೂದು. ಬೆಳೆದ ಪ್ರಾಣಿ ಸುಮಾರು ಎರಡೂವರೆ ಮೀಟರ್ ಉದ್ದವಿದ್ದು, ತೂಕ 200 ಕಿಲೋ ದಾಟುವುದುಂಟು. ಬೆನ್ನಿನ ನಡುವೆ ಉದ್ದನೆಯ ಗೂನು, ಅದರ ಮೇಲೊಂದು ಚಿಕ್ಕ ರೆಕ್ಕೆ. ಈ ಗುರುತು ಒಂದು ಸಲ ಕಣ್ಣಲ್ಲಿ ನಿಂತರೆ ಬೇರೆ ಡಾಲ್ಫಿನ್ ಜೊತೆ ಇದನ್ನು ಯಾರೂ ಬದಲಿಸಿ ಹೇಳುವುದಿಲ್ಲ.

ಅದು ಮೇಲೆ ಬರುವ ರೀತಿಯನ್ನೇ ಗಮನಿಸಬೇಕು. ಮೊದಲು ಉದ್ದನೆಯ ಮೂತಿ ನೀರು ಸೀಳಿ ಓರೆಯಾಗಿ ಹೊರಗೆ ಬರುತ್ತದೆ. ಕ್ಷಣಾರ್ಧದಲ್ಲಿ ತಲೆಯ ಮೇಲಿನ ಉಸಿರುರಂಧ್ರ ತೆರೆದು 'ಫುಸ್' ಎಂಬ ಸದ್ದಿನೊಂದಿಗೆ ಉಸಿರು ಹೊರಬೀಳುತ್ತದೆ. ಎಂಜಿನ್ ನಿಲ್ಲಿಸಿದ ದೋಣಿಯಲ್ಲಿ ಮಾತ್ರ ಈ ಸದ್ದು ಕೇಳುತ್ತದೆ. ಆಮೇಲೆ ಗೂನು ಉರುಳಿ ಮೇಲೇರಿ, ಮೈ ಬಿಲ್ಲಿನಂತೆ ಬಾಗಿ, ಬೆನ್ನುರೆಕ್ಕೆ ಮುಳುಗುತ್ತದೆ. ಕೆಲವೊಮ್ಮೆ ಕೊನೆಯಲ್ಲಿ ಬಾಲವೂ ಮೇಲೆದ್ದು ಹೋಗುತ್ತದೆ. ಬಾಲ ಎತ್ತಿದರೆ ಆಳಕ್ಕೆ ಇಳಿಯಿತೆಂದು ತಿಳಿಯಬೇಕು, ಮುಂದಿನ ಉಸಿರಿಗೆ ಕೆಲವು ನಿಮಿಷ ಕಾಯಬೇಕಾದೀತು. ಆಳ ಸಮುದ್ರದ ಸ್ಪಿನ್ನರ್ ಡಾಲ್ಫಿನ್‌ನಂತೆ ಗಾಳಿಯಲ್ಲಿ ಗಿರಗಿರ ತಿರುಗುವುದು, ಬೋಟಿನ ಮುಂದೆ ಓಡುವುದು ಇದರ ಸ್ವಭಾವವಲ್ಲ. ಇದು ನಾಚಿಕೆಯ ಪ್ರಾಣಿ. ಹಾರುವ ಡಾಲ್ಫಿನ್ ತೋರಿಸುತ್ತೇವೆಂದು ಮಾತು ಕೊಟ್ಟವರು ಅದನ್ನು ಬೆದರಿಸದೆ ಆ ಮಾತು ಉಳಿಸಿಕೊಳ್ಳುವುದು ಕಷ್ಟ.

ಗೂನುಬೆನ್ನಿನ ಡಾಲ್ಫಿನ್ ಸಾಮಾನ್ಯವಾಗಿ 25 ಮೀಟರಿಗಿಂತ ಕಡಿಮೆ ಆಳದ ನೀರು ಬಿಟ್ಟು ಹೋಗುವುದಿಲ್ಲ. ನದೀಮುಖದ ಆ ಕಲಕಿದ ನೀರಿನಲ್ಲಿ ಕಣ್ಣು ಹೆಚ್ಚು ದೂರ ಹಾಯುವುದಿಲ್ಲವಾದ್ದರಿಂದ ಅದು ಕಿವಿಯಿಂದ ನೋಡುತ್ತದೆ. ಮೂಗಿನ ಹಾದಿಯಲ್ಲಿ ಹುಟ್ಟಿಸಿದ 'ಟಿಕ್ ಟಿಕ್' ಸದ್ದನ್ನು ಹಣೆಯೊಳಗಿನ ಕೊಬ್ಬಿನ ಗಡ್ಡೆ ಒಗ್ಗೂಡಿಸಿ ಮುಂದಕ್ಕೆ ಕಳುಹಿಸುತ್ತದೆ. ಮೀನಿಗೆ ಬಡಿದು ಮರಳಿದ ಪ್ರತಿಧ್ವನಿ ಕೆಳದವಡೆಯ ಮೂಲಕ ಒಳಗಿವಿಗೆ ಸೇರುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗುತ್ತದೆ, ಗಾಳಿಯಲ್ಲಿನ ವೇಗದ ನಾಲ್ಕು ಪಟ್ಟಿಗೂ ಹೆಚ್ಚು. ಹೀಗಿರುವಾಗ ನಾಲ್ಕೈದು ಬೋಟುಗಳು ಎಂಜಿನ್ ಅಬ್ಬರಿಸಿಕೊಂಡು ಒಂದು ಗುಂಪನ್ನು ಸುತ್ತುವರಿದರೆ ಅದಕ್ಕೆ ಬೇಟೆಯೂ ತಿಳಿಯುವುದಿಲ್ಲ, ಜೊತೆಗಾರರ ಕರೆಯೂ ಕೇಳುವುದಿಲ್ಲ. ಮರಿ ಜೊತೆಗಿದ್ದರಂತೂ ತಾಯಿಯ ಪಾಡು ಹೇಳತೀರದು.

ಮರಿಯ ಬೆಲೆ ಎಷ್ಟೆಂದು ತಿಳಿದರೆ ಈ ಮಾತಿನ ತೂಕ ಗೊತ್ತಾಗುತ್ತದೆ. ಹೆಣ್ಣು ಡಾಲ್ಫಿನ್ ಮರಿ ಹಾಕುವ ವಯಸ್ಸಿಗೆ ಬರಲು ಹತ್ತು ವರ್ಷದ ಆಸುಪಾಸು ಬೇಕು. ಗರ್ಭ ಸುಮಾರು ಒಂದು ವರ್ಷದ್ದು. ಒಂದು ಸಲಕ್ಕೆ ಒಂದೇ ಮರಿ, ಮುಂದಿನದಕ್ಕೆ ಹೆಚ್ಚುಕಡಿಮೆ ಮೂರು ವರ್ಷಗಳ ಅಂತರ. ದಂಡೆಯ ಸಮೀಪದ ಬಲೆಗಳಲ್ಲಿ ವರ್ಷಕ್ಕೆ ಕೆಲವೇ ಡಾಲ್ಫಿನ್‌ಗಳು ಸಿಕ್ಕಿ ಸತ್ತರೂ ಆ ನಷ್ಟ ತುಂಬಿಬರಲು ದೀರ್ಘ ಕಾಲ ಹಿಡಿಯುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಈ ಪ್ರಭೇದವನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲೂ ಇದೆ. ಹುಲಿಗಿರುವ ರಕ್ಷಣೆಯೇ ಇದಕ್ಕೂ ಇದೆ. ಬಂಡೀಪುರದಲ್ಲಿ ಹುಲಿಯ ಹಿಂದೆ ಜೀಪು ಓಡಿಸಿದರೆ ತಪ್ಪೆಂದು ಒಪ್ಪುವ ನಾವು, ಕಡಲಲ್ಲಿ ಡಾಲ್ಫಿನ್ ಹಿಂದೆ ಬೋಟು ಓಡಿಸುವುದನ್ನು ಮೋಜೆಂದು ಕರೆಯುವುದು ಸರಿಯಲ್ಲ.

ಕೆಲವೊಮ್ಮೆ ಬೂದು ಬೆನ್ನೊಂದು ರೆಕ್ಕೆಯೇ ಇಲ್ಲದೆ ಮೆಲ್ಲಗೆ ಉರುಳಿ ಮಾಯವಾಗುತ್ತದೆ. ಅದು ಫಿನ್‌ಲೆಸ್ ಪಾರ್ಪಸ್, ಡಾಲ್ಫಿನ್‌ಗಳ ದೂರದ ಸಂಬಂಧಿ. ಬೆನ್ನುರೆಕ್ಕೆಯಿಲ್ಲ, ಮೂತಿಯೂ ಚಾಚಿಲ್ಲ, ನೀರೆರಚುವುದಿಲ್ಲ. ಅಲೆಯಿದ್ದ ದಿನ ಇದು ಕಾಣುವುದೇ ಇಲ್ಲ. ಹಾಗಾಗಿಯೇ ಡಾಲ್ಫಿನ್ ನೋಡಲು ಮುಂಜಾನೆ ಒಳ್ಳೆಯ ಹೊತ್ತು. ಬಿಸಿಲೇರಿ ನೆಲ ಕಾದ ಮೇಲೆ ಕಡಲಗಾಳಿ ಏಳುತ್ತದೆ, ನೀರಿನ ಮೇಲೆ ಸಣ್ಣ ಅಲೆಗಳು ಮೂಡಿ ಪ್ರತಿಯೊಂದು ಅಲೆಯೂ ಒಂದೊಂದು ರೆಕ್ಕೆಯೆನಿಸಿ ಕಣ್ಣು ಮೋಸಹೋಗುತ್ತದೆ.

ಅಳಿವೆಯ ಮೇಲಿನ ಆಕಾಶದಲ್ಲಿ ಎರಡು ಬೇಟೆಹಕ್ಕಿಗಳು ಸದಾ ಇರುತ್ತವೆ. ಇಟ್ಟಿಗೆಗೆಂಪು ಮೈ, ಬಿಳಿ ತಲೆ, ಬಿಳಿ ಎದೆಯ ಗರುಡ ಎಲ್ಲರಿಗೂ ಗೊತ್ತಿರುವುದೇ. ಮೀನುಗಾರಿಕೆ ಬಂದರಿನಲ್ಲಿ ಬುಟ್ಟಿಯಿಂದ ಜಾರಿದ ಬಂಗುಡೆ, ತಾರಲೆಗಳನ್ನು ಎತ್ತಿಕೊಂಡು ಹೋಗುವುದು ಇದೇ. ಅದಕ್ಕಿಂತ ಎಷ್ಟೋ ಎತ್ತರದಲ್ಲಿ ರೆಕ್ಕೆಯನ್ನು ಇಂಗ್ಲಿಷಿನ 'ವಿ' ಅಕ್ಷರದ ಆಕಾರಕ್ಕೆ ಎತ್ತಿ ಹಿಡಿದು, ಒಮ್ಮೆಯೂ ಬಡಿಯದೆ ತೇಲುವ ದೊಡ್ಡ ಹಕ್ಕಿ ಬಿಳಿಹೊಟ್ಟೆಯ ಕಡಲಹದ್ದು. ರೆಕ್ಕೆ ಚಾಚಿದರೆ ಸುಮಾರು ಎರಡು ಮೀಟರ್ ಅಗಲ. ಕೆಳಗಿನಿಂದ ನೋಡಿದಾಗ ಹೊಟ್ಟೆ ಅಚ್ಚಬಿಳಿ, ರೆಕ್ಕೆಯ ಹಿಂದಂಚು ಕಪ್ಪು, ಬಾಲ ಚಿಕ್ಕದು. ಎತ್ತರದ ಮರದ ಮೇಲೆ ಕಡ್ಡಿಗಳಿಂದ ಕಟ್ಟಿದ ಗೂಡನ್ನು ಜೋಡಿಯೊಂದು ವರ್ಷ ವರ್ಷವೂ ದುರಸ್ತಿ ಮಾಡಿ ಬಳಸುತ್ತದೆ. ಮರ ಕಡಿದರೆ ಅಷ್ಟು ವರ್ಷಗಳ ಮನೆ ಹೋದಂತೆ. ಮೀನಿನಷ್ಟೇ ಇಷ್ಟದ ಇದರ ಇನ್ನೊಂದು ಆಹಾರ ಕಡಲಹಾವು.

ಕಡಲಹಾವನ್ನು ಕಂಡು ದೋಣಿಯಲ್ಲಿ ಗಾಬರಿಯಾಗುವವರು ಬಹಳ. ಉಸಿರಾಡಲು ಮೇಲೆ ಬಂದ ಹಾವು ತಲೆ ಎತ್ತಿ, ಸುತ್ತ ನೋಡಿ, ಮತ್ತೆ ಇಳಿದುಬಿಡುತ್ತದೆ. ಅದರ ಬಾಲ ನೆಲದ ಹಾವಿನಂತೆ ಚೂಪಲ್ಲ. ದೋಣಿಯ ಹುಟ್ಟಿನ ಅಲಗಿನಂತೆ ಚಪ್ಪಟೆ. ಅದರಿಂದಲೇ ನೀರು ತಳ್ಳಿ ಈಜುತ್ತದೆ. ನಮ್ಮ ಕಡೆ ಕಾಣುವ ಕೊಕ್ಕೆಮೂಗಿನ ಕಡಲಹಾವು ಮೊಟ್ಟೆಯಿಡಲು ದಂಡೆಗೆ ಬರುವುದೂ ಇಲ್ಲ, ನೀರಿನಲ್ಲೇ ಮರಿ ಹಾಕುತ್ತದೆ. ವಿಷ ತೀಕ್ಷ್ಣವಾದದ್ದು ನಿಜ. ಆದರೆ ಅಪಾಯ ಎದುರಾಗುವುದು ಬಲೆಯಿಂದ ಬರಿಗೈಯಲ್ಲಿ ಹಾವು ಬಿಡಿಸುವ ಮೀನುಗಾರರಿಗೆ. ದೋಣಿಯಲ್ಲಿ ಕುಳಿತು ನೋಡುವವರ ಗೊಡವೆಗೆ ಅದು ಬರುವುದಿಲ್ಲ.

ಕಾರವಾರದಿಂದ ದಕ್ಷಿಣಕ್ಕೆ ಬಂದರೆ ಅಘನಾಶಿನಿ. ತಡದಿ ಮತ್ತು ಅಘನಾಶಿನಿ ಊರುಗಳ ನಡುವೆ ಕಡಲು ಸೇರುವ ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ಘಟ್ಟದ ಮಣ್ಣು ಅಡೆತಡೆಯಿಲ್ಲದೆ ಅಳಿವೆಗೆ ಬಂದು ಬೀಳುತ್ತದೆ. 2024ರ ಜನವರಿ 31ರಂದು ಅಂಕಸಮುದ್ರ ಮತ್ತು ಮಾಗಡಿ ಕೆರೆಗಳ ಜೊತೆಗೆ ಅಘನಾಶಿನಿ ಅಳಿವೆಗೂ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಭೂಮಿಯ ಮನ್ನಣೆ ಸಿಕ್ಕಿದ ಸುದ್ದಿ ಬಂತು. ವಿಸ್ತೀರ್ಣ 4,801 ಹೆಕ್ಟೇರ್. ಇಳಿತದ ಹೊತ್ತಿಗೆ ಇಲ್ಲಿ ದೋಣಿಯಲ್ಲಿ ಹೋದರೆ ಎದೆಮಟ್ಟ ನೀರಿನಲ್ಲಿ ನಿಂತು, ಕಾಲಿನಿಂದ ತಡಕಿ, ಮುಳುಗಿ ಬಳಚು ಆರಿಸುವ ಹೆಂಗಸರು, ಗಂಡಸರು ಕಾಣುತ್ತಾರೆ. ಬಳಚು, ಕಲ್ವಗಳು ನೀರನ್ನು ಸೋಸಿ ತಿನ್ನುವ ಚಿಪ್ಪುಜೀವಿಗಳು. ಅವು ಸಮೃದ್ಧವಾಗಿದ್ದರೆ ನೀರು ಇನ್ನೂ ಚೆನ್ನಾಗಿದೆ ಎಂದು ನಂಬಬಹುದು.

ನೀರಿಳಿದ ಮೇಲೆ ತೆರೆದುಕೊಳ್ಳುವ ಕೆಸರುಬಯಲಿಗೆ ಚಳಿಗಾಲದ ಅತಿಥಿಗಳು ಇಳಿಯುತ್ತಾರೆ. ಮಧ್ಯ ಏಷ್ಯಾ, ಸೈಬೀರಿಯಾ, ಟಿಬೆಟ್‌ಗಳಲ್ಲಿ ಗೂಡು ಕಟ್ಟಿ ಮರಿ ಮಾಡುವ ಗೊರವಗಳು, ಗದ್ದೆಗೊರವಗಳು, ಕಡಲಕ್ಕಿಗಳು ಅಕ್ಟೋಬರಿನ ಹೊತ್ತಿಗೆ ಇಲ್ಲಿರುತ್ತವೆ. ಎಲ್ಲವೂ ಒಂದೇ ಕೆಸರಿನಲ್ಲಿ ಮೇಯುತ್ತವೆ, ಆದರೂ ಜಗಳ ಕಡಿಮೆ. ಕಾರಣ ಕೊಕ್ಕಿನಲ್ಲಿದೆ. ಚಿಕ್ಕ ಕೊಕ್ಕಿನ ಸ್ಯಾಂಡ್ ಪ್ಲವರ್ ಓಡಿಯಾಡುತ್ತ ಮೇಲ್ಮೈಯ ಹುಳ ಹೆಕ್ಕುತ್ತದೆ. ಮಧ್ಯಮ ಕೊಕ್ಕಿನ ಹಕ್ಕಿಗಳು ಒಂದೆರಡು ಅಂಗುಲ ಕೆಳಗಿನದನ್ನು ತೆಗೆಯುತ್ತವೆ. ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಏಡಿಯ ಬಿಲದ ತಳದವರೆಗೂ ಕೊಕ್ಕು ಇಳಿಸುತ್ತದೆ. ಇವನ್ನು ನೋಡಬೇಕೆಂದರೆ ಹೊರಡುವ ಮುಂಚೆ ಇಳಿತದ ಹೊತ್ತು ಕೇಳಿಕೊಳ್ಳಬೇಕು. ಭರತದ ಹೊತ್ತಿಗೆ ಹೋದವರಿಗೆ ಬರೀ ನೀರು ಕಾಣುತ್ತದೆ.

ಹೊನ್ನಾವರದಲ್ಲಿ ಶರಾವತಿಯ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಬೇರೆಯದೇ ಲೋಕ. ಕಾಸರಕೋಡಿನಲ್ಲಿ ಅರಣ್ಯ ಇಲಾಖೆ ಕಾಂಡ್ಲಾದೊಳಗೆ ಮರದ ಹಲಗೆಯ ನಡಿಗೆ ದಾರಿಯನ್ನೂ ಮಾಡಿದೆ; ಅಕ್ಕಪಕ್ಕದ ಕಾಲುವೆಗಳಲ್ಲಿ ಸಣ್ಣ ದೋಣಿಗಳು ಓಡಾಡುತ್ತವೆ. ಕೆಸರಿನಲ್ಲಿ ಗಾಳಿಯಿಲ್ಲ, ನೀರಿನಲ್ಲಿ ಉಪ್ಪು, ದಿನಕ್ಕೆರಡು ಸಲ ಮುಳುಗಡೆ. ಇಂಥಲ್ಲಿ ಮರ ಬೆಳೆಯುವುದೇ ಸೋಜಿಗ. ರೈಜೋಫೋರಾ ಜಾತಿಯ ಕಾಂಡ್ಲಾ ಕಾಂಡದಿಂದಲೇ ಕಮಾನು ಬೇರುಗಳನ್ನು ಇಳಿಬಿಟ್ಟು ನಿಲ್ಲುತ್ತದೆ. ಉಪ್ಪಟ್ಟೆ ಮರದ ಬೇರುಗಳು ಕೆಸರಿನಿಂದ ಮೇಲಕ್ಕೆ, ಬೆರಳು ಗಾತ್ರದ ಗೂಟಗಳಾಗಿ ನೂರಾರು ಸಂಖ್ಯೆಯಲ್ಲಿ ಎದ್ದು ಉಸಿರಾಡುತ್ತವೆ. ಹೆಚ್ಚಾದ ಉಪ್ಪನ್ನು ಅದು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಒಣಹವೆಯ ದಿನ ಎಲೆಯ ಮೇಲೆ ಉಪ್ಪಿನ ಹರಳು ಕಾಣುತ್ತವೆ, ಬೆರಳಿಗೆ ಹತ್ತಿಸಿ ನಾಲಿಗೆಗೆ ತಾಗಿಸಿದರೆ ಗೊತ್ತಾಗುತ್ತದೆ. ರೈಜೋಫೋರಾದ ಬೀಜ ತಾಯಿಮರದಲ್ಲೇ ಮೊಳೆತು, ಉದ್ದನೆಯ ಹಸಿರು ಕೋಲಾಗಿ ನೇತಾಡುತ್ತ, ಕಾಲ ಕೂಡಿದಾಗ ಕಳಚಿ ಬೀಳುತ್ತದೆ. ಇಳಿತದಲ್ಲಿ ಬಿದ್ದರೆ ಕೆಸರಿಗೆ ನಾಟಿಕೊಳ್ಳಬಹುದು, ಭರತದಲ್ಲಿ ಬಿದ್ದರೆ ತೇಲಿಹೋಗಿ ಬೇರೆಲ್ಲೋ ಬೇರು ಬಿಡಬಹುದು.

ಈ ಬೇರುಗಳ ನಡುವೆ ದೋಣಿ ನಿಲ್ಲಿಸಿ ಐದು ನಿಮಿಷ ಅಲ್ಲಾಡದೆ ಕುಳಿತರೆ ಕೆಸರಿಗೆ ಜೀವ ಬರುತ್ತದೆ. ಬಿಲಗಳಿಂದ ಫಿಡ್ಲರ್ ಏಡಿಗಳು ಹೊರಗೆ ಬರುತ್ತವೆ. ಗಂಡಿಗೆ ಒಂದು ಕೊಂಡಿ ಮೈಗಿಂತ ದೊಡ್ಡದು, ಇನ್ನೊಂದು ತೀರ ಚಿಕ್ಕದು. ದೊಡ್ಡದನ್ನು ಎತ್ತಿ ಬೀಸಿ ಹೆಣ್ಣನ್ನು ಕರೆಯುತ್ತದೆ, ಚಿಕ್ಕದರಿಂದ ಕೆಸರು ಎತ್ತಿ ತಿನ್ನುತ್ತದೆ. ಪಕ್ಕದಲ್ಲೇ ಮಡ್‌ಸ್ಕಿಪ್ಪರ್ ಎಂಬ ಮೀನು ಎದೆಯ ರೆಕ್ಕೆಗಳನ್ನು ಕೈಗಳಂತೆ ಊರಿ ಕೆಸರಿನ ಮೇಲೆ ಕುಪ್ಪಳಿಸುತ್ತದೆ. ಕಿವಿರಿನ ಚೀಲದಲ್ಲಿ ನೀರು ತುಂಬಿಕೊಂಡಿರುತ್ತದೆ. ಒದ್ದೆ ಚರ್ಮ ಮತ್ತು ಬಾಯಿಯ ಒಳಪದರದಿಂದಲೂ ಗಾಳಿ ಹೀರುತ್ತದೆ. ನೆತ್ತಿಯ ಮೇಲೆ ಉಬ್ಬಿದ ಕಣ್ಣುಗಳನ್ನು ಆಗಾಗ ಗುಳಿಯೊಳಕ್ಕೆ ಎಳೆದುಕೊಂಡು ಒದ್ದೆ ಮಾಡಿಕೊಳ್ಳುತ್ತದೆ. ಎರಡು ಗಂಡುಗಳು ಎದುರಾದರೆ ಬೆನ್ನುರೆಕ್ಕೆ ನೆಟ್ಟಗೆ ನಿಲ್ಲಿಸಿ, ಬಾಯಿ ಅಗಲಿಸಿ ಒಂದನ್ನೊಂದು ಹೆದರಿಸುತ್ತವೆ. ಇಷ್ಟೆಲ್ಲ ನಡೆಯುವುದು ದೋಣಿಯ ಅಂಚಿನಿಂದ ಕೈಯಳತೆಯ ದೂರದಲ್ಲಿ. ಯಾರಾದರೂ ಎದ್ದು ನಿಂತು ಕೂಗಿದರೆ ಅಷ್ಟೂ ಒಂದೇ ಕ್ಷಣದಲ್ಲಿ ಬಿಲ ಸೇರುತ್ತವೆ.

ಕಾಂಡ್ಲಾ ಕೊಂಬೆಯ ಮೇಲೆ ಕಪ್ಪು ಟೋಪಿ, ನೀಲಿ ಬೆನ್ನಿನ ಕರಿತಲೆ ಮಿಂಚುಳ್ಳಿ ಕುಳಿತಿರಬಹುದು. ಸೊನರೇಶಿಯಾ ಮರದ ಹೂವು ಸಂಜೆಗೆ ಅರಳಿ ಬೆಳಗಾಗುವಷ್ಟರಲ್ಲಿ ಕೇಸರಗಳನ್ನು ಉದುರಿಸುತ್ತದೆ. ಅದರ ಪರಾಗ ಸಾಗಿಸುವುದು ಬಾವಲಿಗಳು. ಹಣ್ಣಿನ ತೋಟಗಳಿಗೆ ಬರುವ ಬಾವಲಿಗೂ ಈ ಕೆಸರುಕಾಡಿಗೂ ಹೀಗೊಂದು ನಂಟು ಇದೆ. ಅದೃಷ್ಟವಿದ್ದರೆ ನೀರುನಾಯಿಗಳ ಕುಟುಂಬ ಕಾಲುವೆ ದಾಟುವುದನ್ನು ನೋಡಬಹುದು. ಅವು ಕಾಣದಿದ್ದರೂ ದಂಡೆಯ ಕಲ್ಲಿನ ಮೇಲೆ ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು ತುಂಬಿದ ಹಿಕ್ಕೆ ಕಂಡರೆ ರಾತ್ರಿ ಬಂದು ಹೋಗಿವೆ ಎಂದು ತಿಳಿಯಬಹುದು.

ಇದೇ ಹೊನ್ನಾವರ ಸೀಮೆಯ ಕಡಲತೀರಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಕಾರವಾರದ ದೇವಬಾಗದಿಂದ ಕುಂದಾಪುರದ ಕೋಡಿಯವರೆಗೂ ಇವುಗಳ ಗೂಡುಗಳು ಸಿಕ್ಕಿವೆ. ದೋಣಿಯಿಂದ ನೋಡಿದಾಗ ಇವು ಕಾಣುವುದು ಎರಡು ಸೆಕೆಂಡು ಮಾತ್ರ: ಮುಷ್ಟಿಗಿಂತ ಸ್ವಲ್ಪ ದೊಡ್ಡ ತಲೆ ಮೇಲೆ ಬಂದು, ಒಂದು ಉಸಿರು ಎಳೆದು, ಇಳಿಯುತ್ತದೆ. ಹೆಣ್ಣು ಆಮೆ ರಾತ್ರಿ ದಂಡೆಗೆ ಬಂದು ಮರಳು ತೋಡಿ ನೂರರ ಆಸುಪಾಸು ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಮರಿ ಹೊರಬರಲು 45ರಿಂದ 60 ದಿನ. ಗೂಡಿನ ಮರಳು ಎಷ್ಟು ಬಿಸಿ ಎಂಬುದರ ಮೇಲೆ ಮರಿ ಗಂಡೋ ಹೆಣ್ಣೋ ಎಂಬುದು ನಿರ್ಧಾರವಾಗುತ್ತದೆ. ತಂಪಿದ್ದರೆ ಗಂಡು ಹೆಚ್ಚು, ಬಿಸಿಯಿದ್ದರೆ ಹೆಣ್ಣು ಹೆಚ್ಚು. ಹೊರಬಂದ ಮರಿಗಳು ಬೆಳಕು ಹೆಚ್ಚಿರುವ ಕಡೆಗೆ ಹೋಗುತ್ತವೆ. ಕತ್ತಲ ದಂಡೆಯಲ್ಲಿ ಅದು ಕಡಲು. ರೆಸಾರ್ಟಿನ ದೀಪಗಳಿದ್ದಲ್ಲಿ ಅದು ರಸ್ತೆ. ಕಾಸರಕೋಡಿನ ಟೊಂಕಾ ತೀರದಲ್ಲಿ ಬಂದರು ಯೋಜನೆ ಬೇಡವೆಂದು ಹೋರಾಡಿದ ಮೀನುಗಾರರು ತಮ್ಮ ಬದುಕಿನ ಜೊತೆಗೆ ಈ ಆಮೆಗಳ ಗೂಡಿನ ಮಾತನ್ನೂ ಎತ್ತಿದ್ದರು. ಬಲೆಯೊಣಗಿಸುವ ಮರಳು, ಆಮೆ ಮೊಟ್ಟೆಯಿಡುವ ಮರಳು ಎರಡೂ ಒಂದೇ.

ದಂಡೆ ಬಿಟ್ಟು ದೂರ ಹೋಗುವ ಧೈರ್ಯವಿದ್ದವರಿಗೆ ನೇತ್ರಾಣಿ ದ್ವೀಪ ಇದೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ., ಬೋಟಿನಲ್ಲಿ ಒಂದೂವರೆ ಗಂಟೆಯ ದಾರಿ. ನದಿಗಳು ತರುವ ಕೆಸರಿನಿಂದ ದಂಡೆಯ ಹತ್ತಿರದ ನೀರು ಸದಾ ಮಬ್ಬು. ಹವಳಕ್ಕೆ ಬೆಳಕು ಬೇಕು, ಏಕೆಂದರೆ ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬೆಳಕಿನಿಂದಲೇ ಆಹಾರ ತಯಾರಿಸುತ್ತದೆ. ನೇತ್ರಾಣಿ ಅಷ್ಟು ದೂರ ಇರುವುದರಿಂದ ನೀರು ತಿಳಿ, ಹಾಗಾಗಿ ಅಲ್ಲಿ ಹವಳವಿದೆ. ಹವಳ ಕಡಿಯುವ ಗಿಳಿಮೀನು, ಬಂಡೆಯ ಸಂದಿಯಿಂದ ತಲೆ ಹೊರಹಾಕುವ ಮೊರೆ ಈಲ್, ಬೆಳ್ಳಿಯ ಗುಂಪಾಗಿ ಸುತ್ತುವ ಬರಾಕುಡಾಗಳನ್ನು ನೋಡಲೆಂದೇ ಸ್ಕೂಬಾ ಮುಳುಗುವವರು ದೇಶದ ಎಲ್ಲ ಕಡೆಯಿಂದ ಬರುತ್ತಾರೆ.

ನೀರಿಗಿಳಿಯದವರು ತಲೆ ಎತ್ತಿ ಬಂಡೆಯ ಗೋಡೆಗಳನ್ನು ನೋಡಬೇಕು. ಕಡಲಹದ್ದುಗಳು ಗೂಡು ಕಟ್ಟುವ ದ್ವೀಪವಿದು. ಇಲ್ಲಿನ ಗುಹೆಗಳಲ್ಲಿ ಇಂಡಿಯನ್ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಬಾನಾಡಿಗಳು ತಮ್ಮ ಜೊಲ್ಲಿನಿಂದಲೇ ಗೂಡು ಅಂಟಿಸುತ್ತವೆ. ಕತ್ತಲ ಗುಹೆಯಲ್ಲಿ ದಾರಿ ಹುಡುಕಲು ಇವೂ ಸದ್ದು ಮಾಡಿ ಪ್ರತಿಧ್ವನಿ ಕೇಳುತ್ತವೆ, ಕೆಳಗಿನ ನೀರಿನಲ್ಲಿ ಡಾಲ್ಫಿನ್ ಮಾಡುವ ಹಾಗೆಯೇ. ಈ ದ್ವೀಪ ನೌಕಾಪಡೆಯ ಗುರಿ ಅಭ್ಯಾಸಕ್ಕೂ ಬಳಕೆಯಾಗುತ್ತಿದೆ. ಅಭ್ಯಾಸಕ್ಕೆ ಜೀವರಾಶಿಯಿಲ್ಲದ ಬೇರೆ ಬಂಡೆ ಹುಡುಕಿ ಎಂಬ ಪರಿಸರಪ್ರಿಯರ ಬೇಡಿಕೆ ಹಳೆಯದು, ನ್ಯಾಯವಾದದ್ದು. ಪ್ರವಾಸಿ ಬೋಟುಗಳ ಹೊಣೆಯೂ ಇದೆ: ಹವಳದ ಮೇಲೆ ಲಂಗರು ಎಸೆದರೆ ದಶಕಗಳ ಬೆಳವಣಿಗೆ ಒಂದೇ ಏಟಿಗೆ ಮುರಿಯುತ್ತದೆ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಿಗೆ ಹೋಗುವವರು ಕಲ್ಲಿನ ಕಂಬಗಳನ್ನು ನೋಡಿ ಮರಳುತ್ತಾರೆ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣಿದು ಸೀಳಿದ ಕಂಬಗಳವು. ಇಳಿತದ ಹೊತ್ತಿನಲ್ಲಿ ಅವುಗಳ ಬುಡಕ್ಕೆ ಬಗ್ಗಿ ನೋಡಿದರೆ ಬಾರ್ನಕಲ್ ಚಿಪ್ಪುಗಳು, ಬಂಡೆಗೆ ಕಚ್ಚಿದ ಶಂಖುಗಳು, ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನುಮರಿಗಳು ಕಾಣುತ್ತವೆ. ಬಂಡೆಯ ಅಂಚಿನಲ್ಲಿ ಕಡಲ ಬಕ ನಿಂತಿರುತ್ತದೆ. ಒಂದೇ ಪ್ರಭೇದದಲ್ಲಿ ಬೂದುಗಪ್ಪು ಹಕ್ಕಿಯೂ ಉಂಟು, ಅಚ್ಚಬಿಳಿ ಹಕ್ಕಿಯೂ ಉಂಟು.

ಇಷ್ಟೆಲ್ಲ ಇರುವ ಕಡಲಿಗೆ ರಕ್ಷಣೆ ಬೇಡವೇ? ಹೊನ್ನಾವರದ ಬಳಿ ಅಪ್ಸರಕೊಂಡ–ಮುಗಳಿ ಪ್ರದೇಶವನ್ನು ರಾಜ್ಯದ ಮೊದಲ ಕಡಲ ವನ್ಯಜೀವಿಧಾಮವೆಂದು ಸರ್ಕಾರ ಗುರುತಿಸಿದೆ. ಒಳ್ಳೆಯ ಹೆಜ್ಜೆ. ಜೂನ್ ಮತ್ತು ಜುಲೈ ತಿಂಗಳ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದಿಂದ ಮೀನು ಮೊಟ್ಟೆಯಿಡಲು ಬಿಡುವು ಸಿಗುತ್ತದೆ. ಪ್ರಖರ ದೀಪ ಹಾಕಿ ಮೀನು ಸೆಳೆಯುವ ಎಲ್‌ಇಡಿ ಮೀನುಗಾರಿಕೆಗೆ 2017ರಲ್ಲೇ ನಿಷೇಧ ಬಂದಿದೆ, ಜಾರಿ ಇನ್ನೂ ಗಟ್ಟಿಯಾಗಬೇಕು. ಆದರೆ ಡಾಲ್ಫಿನ್ ತೋರಿಸುವ ಬೋಟುಗಳ ನಡವಳಿಕೆ ಬದಲಾಗಲು ಕಾನೂನು ಬರುವವರೆಗೆ ಕಾಯಬೇಕಿಲ್ಲ. ದುಡ್ಡು ಕೊಡುವವರು ಕೇಳಿದರೆ ಸಾಕು.

ಕೇಳಬೇಕಾದದ್ದು ಇಷ್ಟು. ಡಾಲ್ಫಿನ್ ಕಂಡ ಕೂಡಲೇ ವೇಗ ಇಳಿಸಿ, ಕನಿಷ್ಠ 50 ಮೀಟರ್ ದೂರದಲ್ಲಿ ಎಂಜಿನ್ ನಿಲ್ಲಿಸಬೇಕು. ಹಿಂದಿನಿಂದ ಬೆನ್ನಟ್ಟಬಾರದು, ಎದುರಿನಿಂದ ಅಡ್ಡಗಟ್ಟಬಾರದು. ಹೋಗಲೇಬೇಕಾದರೆ ಅದರ ದಾರಿಗೆ ಸಮಾನಾಂತರವಾಗಿ, ಮೆಲ್ಲಗೆ. ಗುಂಪಿನ ನಡುವೆ ದೋಣಿ ತೂರಿಸುವುದಂತೂ ಕೂಡದು. ಒಂದು ಗುಂಪಿನ ಬಳಿ ಈಗಾಗಲೇ ಎರಡು ಮೂರು ಬೋಟುಗಳಿದ್ದರೆ ಬೇರೆಡೆ ಹೋಗಬೇಕು. ಮರಿ ಕಂಡರೆ ಬೇಗ ಹೊರಡಬೇಕು. ತಿಂಡಿ ಎಸೆಯಬಾರದು, ಚಿಪ್ಸ್ ಪೊಟ್ಟಣ ಗಾಳಿಗೆ ಬಿಡಬಾರದು. ಜೆಲ್ಲಿಮೀನು ತಿನ್ನುವ ಆಮೆಗೆ ತೇಲುವ ಪ್ಲಾಸ್ಟಿಕ್ ಚೀಲವೂ ಅದೇ ಎನಿಸುತ್ತದೆ. "ಅಣ್ಣಾ, ಹತ್ತಿರ ಬೇಡ, ಇಲ್ಲೇ ನಿಲ್ಲಿಸಿ" ಎಂದು ಪ್ರವಾಸಿಗನೇ ಹೇಳಿದರೆ ತಾಂಡೇಲನಿಗೂ ಡೀಸೆಲ್ ಉಳಿಯುತ್ತದೆ. ಹತ್ತಿರ ಹೋಗದಿದ್ದರೆ ಗಿರಾಕಿ ಸಿಟ್ಟಾಗುತ್ತಾರೆಂಬ ಭಯದಿಂದಲೇ ಎಷ್ಟೋ ತಾಂಡೇಲರು ಬೆನ್ನಟ್ಟುತ್ತಾರೆ.

ಹೋಗುವವರ ಕೈಯಲ್ಲಿ ಏಳೆಂಟು ಪಟ್ಟು ದೊಡ್ಡದು ಮಾಡಿ ತೋರಿಸುವ ಸಾಧಾರಣ ದುರ್ಬೀನು ಇದ್ದರೆ 50 ಮೀಟರ್ ದೂರವೇ ಅಲ್ಲ. ಕ್ಯಾಮೆರಾ ಇದ್ದರೆ ನೀರಿನ ಮೇಲೆ ಮಿಂಚುವ ತಲೆಗಿಂತ ಬೆನ್ನುರೆಕ್ಕೆಯ ಅಡ್ಡ ಚಿತ್ರ ತೆಗೆಯುವುದು ಒಳ್ಳೆಯದು. ಬಲೆಯ ಗಾಯ, ಜಗಳದ ಕಚ್ಚು, ಸವೆದ ಅಂಚು ಪ್ರತಿ ಡಾಲ್ಫಿನ್‌ನ ರೆಕ್ಕೆಯಲ್ಲೂ ಬೇರೆ ಬೇರೆ. ಆ ಗುರುತುಗಳಿಂದಲೇ ಸಂಶೋಧಕರು ಒಂದೊಂದು ಡಾಲ್ಫಿನ್ ಅನ್ನು ಗುರುತು ಹಿಡಿದು, ಅದು ಕಾಳಿಯಲ್ಲಿ ಕಂಡದ್ದೇ ಶರಾವತಿಯಲ್ಲೂ ಕಂಡಿತೇ, ಮರಿ ಬದುಕಿದೆಯೇ ಎಂದು ವರ್ಷಗಳ ಕಾಲ ಲೆಕ್ಕ ಇಡುತ್ತಾರೆ. ದಿನಾಂಕ, ಹೊತ್ತು, ಜಾಗ ಬರೆದಿಟ್ಟ ಅಂಥ ಒಂದು ಚಿತ್ರವನ್ನು ಅರಣ್ಯ ಇಲಾಖೆಗೋ, ಕಾರವಾರದ ಕಡಲ ಜೀವಶಾಸ್ತ್ರ ವಿಭಾಗಕ್ಕೋ ಕಳುಹಿಸಿದರೆ ಒಂದು ಗಂಟೆಯ ವಿಹಾರದಿಂದ ಅವರ ಲೆಕ್ಕದ ಪುಸ್ತಕಕ್ಕೆ ಒಂದು ಸಾಲು ಸೇರುತ್ತದೆ.